ಹದಿಮೂರು ಹಾಳೆ

ನನ್ನ ಹತ್ತಿರ ಅಚ್ಚಿನ ಯಂತ್ರ ಇರಲಿಲ್ಲ.

ಇದ್ದದ್ದು ಅಮ್ಮನ ಅಡುಗೆಯ ಮರದ ಸೌಟು. ಕೆತ್ತಿದ ಲಿನೋಲಿಯಂ ಹಲಗೆಗೆ ಶಾಯಿ ಹಚ್ಚಿ, ಮೇಲೆ ಕಾಗದ ಹಾಸಿ, ಸೌಟಿನ ಬೆನ್ನಿನಿಂದ ಉಜ್ಜಬೇಕು. ಒಂದು ಹಾಳೆಗೆ ಇಪ್ಪತ್ತೈದು ನಿಮಿಷ. ಯಂತ್ರವಿದ್ದರೆ ಹಿಡಿಕೆ ಒಂದು ಸುತ್ತು ತಿರುಗಿಸಿದರೆ ಮುಗಿಯಿತು. ನಮ್ಮ ವಹಾಕ ಪಟ್ಟಣದಲ್ಲಿ ಬೀದಿಗೊಂದು ಅಚ್ಚುಮನೆ ಇದೆ, ಕೆಲವು ಬೀದಿಗಳಲ್ಲಿ ಮೂರಿವೆ. ಪ್ರವಾಸಿಗಳಿಗೆ ಅವುಗಳ ಬಾಗಿಲು ದಿನವಿಡೀ ತೆರೆದಿರುತ್ತದೆ. ಗುಡ್ಡದ ಮೇಲಿನ ಕಾಲೊನಿಯಿಂದ ಇಳಿದು ಬಂದ ಹುಡುಗಿ ನಾನೂ ಕೆತ್ತುತ್ತೇನೆ ಎಂದರೆ ಗೋಡೆಯ ಮೇಲಿನ ಚಿತ್ರಗಳನ್ನು ತೋರಿಸಿ ಬೆಲೆ ಹೇಳುತ್ತಾರೆ.

ನಾನು ಮನೆಯಲ್ಲೇ ಕಲಿತೆ. ಮೊದಲು ಹಳೆಯ ಚಪ್ಪಲಿಯ ಅಟ್ಟೆ ಕೆತ್ತಿದೆ. ನೀರಿನ ಟ್ಯಾಂಕರ್ ಒಂದನ್ನು ಬಿಡಿಸಿ ಅದರ ಹೊಟ್ಟೆಯ ಮೇಲೆ 'ಆಗ್ವಾ', ಅಂದರೆ ನೀರು ಎಂದು ನಮ್ಮ ಲಿಪಿಯ ನಾಲ್ಕು ಅಕ್ಷರ ಕೆತ್ತಿದ್ದೆ. ಕಾಗದದ ಮೇಲೆ ಅದು ಬಲದಿಂದ ಎಡಕ್ಕೆ ಬಂತು. ಅಮ್ಮ ಅದನ್ನು ಬೆಳಕಿಗೆ ಹಿಡಿದು ನೋಡಿದಳು.

"ಇದ್ಯಾವ ಊರಿನ ನೀರೇ? ನಮ್ಮೂರಿಗೆ ನೆಟ್ಟಗಿರೋ ಟ್ಯಾಂಕರೇ ಬರಲ್ಲ, ನೀನು ಉಲ್ಟಾದು ಕರೆಸ್ತಿದೀಯ."

ಆಮೇಲೆ ಎರಡು ವರ್ಷ ಎಲ್ಲವನ್ನೂ ಕನ್ನಡಿಯಲ್ಲಿ ನೋಡಿ ಕೆತ್ತಿದೆ.

ಅಮ್ಮನ ಹೆಸರು ಎಲೊಯಿನಾ. ಶಾಲೆಯ ಸಮವಸ್ತ್ರ ಹೊಲಿಯುತ್ತಾಳೆ. ಮನೆಯಲ್ಲಿರುವುದು ಎರಡು ಕೋಣೆ, ಒಂದು ಮೇಜು. ಬಟ್ಟೆ ಕತ್ತರಿಸುವುದು, ಉಣ್ಣುವುದು, ಕೆತ್ತುವುದು ಎಲ್ಲ ಅದರ ಮೇಲೆಯೇ. ಜುಲೈ ಬಂದರೆ ಮೇಜು ಪೂರ್ತಿ ಅಮ್ಮನದು. ಆಗಸ್ಟ್ ಕೊನೆಗೆ ಶಾಲೆ ತೆರೆಯುವಷ್ಟರಲ್ಲಿ ಕಾಲೊನಿಯ ಅರ್ಧ ಮಕ್ಕಳ ನೀಲಿ ಲಂಗ ಅವಳ ಕೈಯಿಂದ ಹೋಗಬೇಕು.

ಆ ಜುಲೈಯಲ್ಲೇ ಓದಿಲಾ ಬೈಕ್ ಏರಿ ಬಂದಳು. ಓದಿಲಾ ಊರ ನಡುವಿನ 'ಹುಂಜದ ಕಾಲು' ಅಚ್ಚುಮನೆಯ ಸದಸ್ಯೆ, ನನಗಿಂತ ಹತ್ತು ವರ್ಷ ದೊಡ್ಡವಳು. ನಾನು ಭಾನುವಾರದ ಸಂತೆಯಲ್ಲಿ ಸೌಟಿನ ಅಚ್ಚುಗಳನ್ನು ಮಾರುತ್ತಿದ್ದಾಗ ಪರಿಚಯವಾದವಳು. ಒಳಗೆ ಬರಲಿಲ್ಲ, ಹೆಲ್ಮೆಟ್ಟೂ ತೆಗೆಯಲಿಲ್ಲ.

"ಏಯ್ ನೆರೈದಾ, ಒಂದು ಜಾಗ ಖಾಲಿ ಆಗಿದೆ. ನಮ್ಮ ರೊಗೇಲಿಯೊ ಊರು ಬಿಟ್ಟು ತಿಹುವಾನಾಗೆ ಹೋದ. ಅಚ್ಚುಮನೆ ಮೇಷ್ಟ್ರಿಗೆ ನಿನ್ ಹೆಸ್ರು ಹೇಳಿದೀನಿ."

"ನಂದಾ? ಅವ್ರು ಏನಂದ್ರು?"

"ಯಾರದು ಅಂದ್ರು. ಸೌಟಿನ ಹುಡುಗಿ ಅಂದೆ. ನಕ್ಕರು. ಆದ್ರೆ ಬೇಡ ಅನ್ಲಿಲ್ಲ."

ಅಲ್ಲಿ ವರ್ಷಕ್ಕೊಮ್ಮೆ ಸದಸ್ಯರ ಚಿತ್ರಗಳ ಒಂದು ಪೆಟ್ಟಿಗೆ ಕಟ್ಟುತ್ತಾರೆ. ಹನ್ನೆರಡು ಮಂದಿ, ಒಬ್ಬೊಬ್ಬರೂ ಒಂದೇ ಚಿತ್ರದ ಹದಿಮೂರು ಪ್ರತಿ ತರಬೇಕು. ಸದಸ್ಯರಿಗೆ ತಲಾ ಒಂದು, ಅಚ್ಚುಮನೆಗೆ ಒಂದು. ಪೆಟ್ಟಿಗೆಯಲ್ಲಿ ಯಾರ ಹಾಳೆ ಇದೆಯೋ ಅವರಿಗೆ ಮುಂದಿನ ಒಂದು ವರ್ಷ ಬಾಗಿಲ ಬೀಗದ ಕೈ ಸಿಗುತ್ತದೆ. ಬೇಕೆಂದಾಗ ಹೋಗಿ ಯಂತ್ರ ಬಳಸಬಹುದು.

"ಈ ಸಲ ಮೂರು ಬಣ್ಣ," ಎಂದಳು ಓದಿಲಾ. "ಇಪ್ಪತ್ತೇಳನೇ ತಾರೀಕು, ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ. ಹನ್ನೆರಡೂಕಾಲಕ್ಕೆ ಬಂದ್ರೆ ಪೆಟ್ಟಿಗೆಗೆ ಅಂಟು ಹಾಕಾಗಿರುತ್ತೆ. ನನ್ ಮುಖಕ್ಕೆ ಮಸಿ ಬಳೀಬೇಡ ಮಾರಾಯ್ತಿ, ಶಾಯಿ ನಂಗೆ ದಿನಾ ಮೆತ್ತೇ ಇರುತ್ತೆ."

ಮೂರು ವಾರ ಇತ್ತು. ನನ್ನ ಬಳಿ ಒಳ್ಳೆಯ ಲಿನೋಲಿಯಂ ಇದ್ದದ್ದು ಒಂದೇ ತುಂಡು, ಹಲ್ಲಿನ ವೈದ್ಯರ ಕೆಡವಿದ ಕೋಣೆಯ ನೆಲದಿಂದ ಕಿತ್ತು ತಂದದ್ದು. ಬಣ್ಣಕ್ಕೊಂದರಂತೆ ಮೂರು ಹಲಗೆ ಕೆತ್ತುವ ಮಾತಿರಲಿಲ್ಲ. ಉಳಿದದ್ದು 'ಕಳೆದ ಹಲಗೆ' ಎಂದು ಇಲ್ಲಿಯವರು ಕರೆಯುವ ದಾರಿ. ಸ್ವಲ್ಪ ಕೆತ್ತಿ ಎಲ್ಲ ಹಾಳೆಗಳ ಮೇಲೂ ಹಳದಿ ಒತ್ತಬೇಕು. ಅದೇ ಹಲಗೆಯನ್ನು ಇನ್ನಷ್ಟು ಕೆತ್ತಿ ಅದರ ಮೇಲೆ ನೀಲಿ. ಮತ್ತಷ್ಟು ಕೆತ್ತಿ ಕಪ್ಪು. ನೀಲಿಗೆ ಕೆತ್ತಿದ ಮೇಲೆ ಹಳದಿಯ ಹಲಗೆ ಇರುವುದಿಲ್ಲ, ಕಪ್ಪಿಗೆ ಕೆತ್ತಿದ ಮೇಲೆ ನೀಲಿಯದೂ ಇರುವುದಿಲ್ಲ. ಎಷ್ಟು ಹಾಳೆ ಬೇಕು ಎಂಬುದನ್ನು ಮೊದಲ ದಿನವೇ ತೀರ್ಮಾನಿಸಬೇಕು. ನಾನು ಹದಿನಾರು ಎಂದುಕೊಂಡೆ. ಮೂರು ಕೆಟ್ಟರೂ ನಡೆಯುತ್ತದೆ.

ಮತ್ತೆ ಟ್ಯಾಂಕರನ್ನೇ ಬಿಡಿಸಿದೆ. ಎಡಗಡೆ ಮೂಲೆಯಲ್ಲಿ ಕಿಟಕಿಯಿಂದ ತಲೆ ಹಾಕಿದ ಚಾಲಕ, ನಡುವೆ ಹಾವಿನಂತೆ ಬಿದ್ದ ಕೊಳವೆ, ಬಲತುದಿಯಲ್ಲಿ ಡ್ರಮ್ಮು ಹಿಡಿದು ಅವನನ್ನು ಬೈಯುತ್ತಿರುವ ಹೆಂಗಸು. ಚಾಲಕನ ಕಣ್ಣು ಜೋಳದ ಕಾಳಿನ ಅರ್ಧ ಗಾತ್ರ. ಮೂರು ಬಣ್ಣವೂ ಅಲ್ಲಿ ಒಂದರ ಮೇಲೊಂದು ಕೂರಬೇಕು. ನನ್ನ ಗಮನವೆಲ್ಲ ಆ ಕಣ್ಣಿನ ಮೇಲೆ.

ಲಿನೋಲಿಯಂ ಹಳೆಯದು, ಗಟ್ಟಿಯಾಗಿತ್ತು. ಉಳಿ ಜಾರಿ ಎರಡು ಸಲ ಹೆಬ್ಬೆರಳು ಕೊಯ್ದುಕೊಂಡೆ. ಅಮ್ಮ ಇಸ್ತ್ರಿಪೆಟ್ಟಿಗೆಯನ್ನು ನನ್ನ ಕಡೆ ತಳ್ಳಿದಳು.

"ಬೆಚ್ಚಗೆ ಮಾಡ್ಕೊಂಡು ಕೆತ್ತೇ. ಬೆರಳು ಹೋದ್ರೆ ಗುಂಡಿ ಹಾಕೋಕೆ ಯಾರನ್ನ ಕರೀಲಿ?"

ಇಸ್ತ್ರಿ ತಾಗಿಸಿದರೆ ಹಲಗೆ ಬೆಣ್ಣೆಯಂತೆ ಆಗುತ್ತಿತ್ತು. ಅಲ್ಲಿಂದ ದಿನಕ್ಕೆ ಹತ್ತು ಸಲ ಇಸ್ತ್ರಿ ಬಳಸಿದೆ.

ಹಳದಿ ಸುಲಭವಾಗಿ ಹೋಯಿತು. ಕಾಗದವನ್ನು ಪ್ರತಿ ಸಲ ಅದೇ ಜಾಗದಲ್ಲಿ ಇಡಲು ಮೇಜಿನ ಮೇಲೆ ಚಾಲಕನ ಕಡೆಯ ಮೂಲೆಗೆ ರಟ್ಟಿನ ಪಟ್ಟಿಯೊಂದನ್ನು ಮೂಲೆಗಟ್ಟಾಗಿ ಅಂಟಿಸಿದ್ದೆ. ಹಾಳೆಯ ಮೂಲೆ ಅದಕ್ಕೆ ತಾಗಿಸಿ ಬಿಟ್ಟರೆ ಸಾಕು. ನಾಲ್ಕು ದಿನ ಬಿಸಿಲಿತ್ತು, ಒಣಗಿತು. ಆಮೇಲೆ ನೀಲಿ ಒತ್ತಿದೆ. ಅದು ಶನಿವಾರ. ಭಾನುವಾರದಿಂದ ಮಳೆ ಹಿಡಿಯಿತು.

ಎಣ್ಣೆಯ ಶಾಯಿ ಮಳೆಯಲ್ಲಿ ಒಣಗುವುದಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದರೂ ಅರ್ಧ ಗಂಟೆಗೊಮ್ಮೆ ಎದ್ದು ಹೋಗಿ ಬೆರಳಿಟ್ಟು ನೋಡುತ್ತಿದ್ದೆ. ಹಗ್ಗದ ಮೇಲೆ ಹದಿನಾರು ಹಾಳೆ, ಅವುಗಳ ನಡುವೆ ಮೂವತ್ತು ಲಂಗ. ಹಾಳೆಗಳ ಅಂಚಿನಲ್ಲೆಲ್ಲ ನನ್ನ ಬೆರಳ ಗುರುತು. ಮೆಟ್ಟಿಲು ಹತ್ತಿ ತಾರಸಿಗೆ ಹೋಗಿ ಮೋಡ ನೋಡುತ್ತಿದ್ದೆ, ಇಳಿದು ಬಂದು ಹಾಳೆಗೆ ಗಾಳಿ ಊದುತ್ತಿದ್ದೆ, ಉಳಿಗಳನ್ನು ಮತ್ತೆ ಮತ್ತೆ ಮಸೆಯುತ್ತಿದ್ದೆ. ಕಪ್ಪಿನ ಕೆತ್ತನೆ ಸೋಮವಾರವೇ ಮುಗಿದಿತ್ತು. ಮಾಡಲು ಏನೂ ಉಳಿದಿರಲಿಲ್ಲ.

"ಕೂತ್ಕೊಳ್ಳೇ," ಎಂದಳು ಅಮ್ಮ ಮಂಗಳವಾರ. "ಕರು ಹಾಕೋಕಾಗದ ಹಸು ಥರ ಸುತ್ತಬೇಡ. ಒಂದು ಲಂಗದ ಅಂಚಾದ್ರೂ ಮಡಿಸು."

"ಶನಿವಾರ ಕೊಡ್ಬೇಕಮ್ಮ."

"ಶನಿವಾರ ಶನಿವಾರಾನೇ ಬರುತ್ತೆ. ನೀನು ಓಡಾಡಿದ್ರೆ ಶುಕ್ರವಾರ ಬರುತ್ತಾ?"

ಎರಡು ಅಂಚು ಮಡಿಸಿದೆ. ಎರಡೂ ಸೊಟ್ಟ. ಅವಳು ಬಿಚ್ಚಿ ಮತ್ತೆ ಹೊಲಿದಳು.

ಬುಧವಾರ ಓದಿಲಾಗೆ ಫೋನ್ ಮಾಡಿದೆ. "ಕಪ್ಪು ಹಸಿ ಇದ್ರೂ ಪರವಾಗಿಲ್ಲ, ನಡುವೆ ತೆಳುಕಾಗದ ಇಟ್ಕೊಂಡು ಬಾ. ಎಲ್ಲರೂ ಹಾಗೇ ತರೋದು. ಆದ್ರೆ ನೀಲಿ ಅಂಟ್ತಾ ಇದ್ರೆ ಅದ್ರ ಮೇಲೆ ಕಪ್ಪು ಕೂರಲ್ಲ, ಕಿತ್ಕೊಂಡು ಬರುತ್ತೆ. ಕಾಯಿ," ಎಂದಳು.

ಕಾಯುವುದು ನನ್ನಿಂದಾಗಲಿಲ್ಲ. ಗುರುವಾರ ಬೆಳಿಗ್ಗೆ ಅಮ್ಮ ಜಿಪ್ಪು ತರಲು ಪೇಟೆಗೆ ಇಳಿದಳು. ಬಾಗಿಲು ಹಾಕಿಕೊಂಡ ಸದ್ದಿಗೇ ನಾನು ಇಸ್ತ್ರಿಯ ವೈರು ಗೋಡೆಗೆ ಚುಚ್ಚಿದೆ. ಮೊದಲ ಹಾಳೆಯ ಮೇಲೆ ಪತ್ರಿಕೆ ಹಾಸಿ ಒತ್ತಿದೆ. ಪತ್ರಿಕೆ ನೀಲಿಗೆ ಅಂಟಿಕೊಂಡಿತು. ಬಿಡಿಸಿದಾಗ ಟ್ಯಾಂಕರಿನ ಮೇಲಿನ ಆಕಾಶದಲ್ಲಿ ಸಾಬೂನಿನ ಜಾಹೀರಾತು ತಿರುಗುಮುರುಗಾಗಿ ಇತ್ತು. ಅದನ್ನು ಬಿಸಾಡಿದೆ. ಎರಡನೆಯದಕ್ಕೆ ಪತ್ರಿಕೆ ಬದಲು ಅಮ್ಮನ ಅಸ್ತರಿನ ಬಟ್ಟೆ ಹಾಸಿದೆ, ಇಸ್ತ್ರಿಯ ಬಿಸಿ ಇಳಿಸಿದೆ. ಒಂದು ನಿಮಿಷ. ಬಟ್ಟೆ ಎತ್ತಿದರೆ ಶಾಯಿ ಒಣಗಿತ್ತು. ಬೆರಳಿಟ್ಟೆ, ಉಜ್ಜಿದೆ, ಬಣ್ಣ ಬರಲಿಲ್ಲ. ನಾನು ಮೇಜಿಗೆ ಒಂದು ಏಟು ಕೊಟ್ಟೆ. ಊರಿನ ಅಷ್ಟೂ ಅಚ್ಚುಮನೆಗಳಿಗೆ ಹೊಳೆಯದ್ದು ಹೊಲಿಗೆಯವಳ ಮಗಳಿಗೆ ಹೊಳೆಯಿತು ಎಂದುಕೊಂಡೆ.

ಹದಿನೈದನ್ನೂ ಇಸ್ತ್ರಿ ಮಾಡಿದೆ. ಹಾಳೆಗಳು ಹಪ್ಪಳದಂತೆ ಗರಿಗರಿಯಾದವು. ಬಿಸಿ ಆರುವ ಮೊದಲೇ ಹಲಗೆಗೆ ಕಪ್ಪು ಉರುಳಿಸಿದೆ.

ಮೊದಲ ಹಾಳೆ. ಮೂಲೆ ತಾಗಿಸಿದೆ, ಸೌಟು ಉಜ್ಜಿದೆ, ಎತ್ತಿ ಚಾಲಕನ ಕಣ್ಣು ನೋಡಿದೆ. ಕಣ್ಣು ಕಣ್ಣಿನಲ್ಲೇ ಕೂತಿತ್ತು. ಹಗ್ಗಕ್ಕೆ ಹಾಕಿದೆ. ಎರಡನೆಯದು. ಕಣ್ಣು ಸರಿ. ಮೂರು. ನಾಲ್ಕು. ಊಟ ಮಾಡಲಿಲ್ಲ. ಅಮ್ಮ ಬಂದು ಜಿಪ್ಪಿನ ಚೀಲ ಇಟ್ಟು, ನನ್ನ ಮುಖ ನೋಡಿ ನೆರೆಮನೆಗೆ ಅಳತೆ ತೆಗೆಯಲು ಹೋದಳು. ಐದು, ಆರು, ಏಳು. ಭುಜ ಉರಿಯುತ್ತಿತ್ತು. ನಿಂತರೆ ಮತ್ತೆ ಶುರುಮಾಡಲು ಆಗುವುದಿಲ್ಲ ಎಂದು ನಿಲ್ಲಲಿಲ್ಲ. ಒಂಬತ್ತನೆಯದನ್ನು ಹಗ್ಗಕ್ಕೆ ಹಾಕುವಾಗ ಅಮ್ಮ ಅಳತೆಪಟ್ಟಿ ಕುತ್ತಿಗೆಗೆ ಹಾಕಿಕೊಂಡು ಬಂದು ಹಾಳೆಗಳ ಮುಂದೆ ನಿಂತಳು.

"ಈ ಹೆಂಗಸಿಗೆ ಯಾಕೆ ಎರಡು ಮೂಗು?"

"ಎಲ್ಲಿ?"

"ಇಲ್ನೋಡು. ನೀಲಿ ಮೂಗು ಒಂದು, ಕಪ್ಪು ಮೂಗು ಒಂದು. ಡ್ರಮ್ಮಿಗೂ ಎರಡು ಬಾಯಿ. ಜೋಡಣೆ ಕೂತಿಲ್ಲ ಕಣೇ. ಈ ಕಡೆ ಸರಿ ಇದೆ, ಆ ಕಡೆ ಹೋಗ್ತಾ ಹೋಗ್ತಾ ಜಾರಿದೆ."

ನಾನು ನೋಡಿದೆ. ಎಡಮೂಲೆಯ ಚಾಲಕ ಸರಿಯಾಗಿದ್ದ. ಕೊಳವೆ ಕೂದಲೆಳೆಯಷ್ಟು ಸರಿದಿತ್ತು. ಬಲತುದಿಯ ಹೆಂಗಸಿನ ಹತ್ತಿರ ಕಪ್ಪುಗೆರೆ ಎರಡು ಮಿಲಿಮೀಟರ್ ಆಚೆ ಇತ್ತು. ಒಂಬತ್ತರಲ್ಲೂ ಹಾಗೇ. ಒಂಬತ್ತು ಸಲವೂ ನಾನು ಕಣ್ಣನ್ನು ಮಾತ್ರ ನೋಡಿದ್ದೆ.

"ಮೂಲೆ ಸರಿಯಾಗೇ ಇಟ್ಟಿದ್ದೆ," ಎಂದೆ.

ಅಮ್ಮ ಒಂದು ಹಾಳೆಯ ಅಂಚನ್ನು ಬೆರಳಲ್ಲಿ ಹೊಸಕಿದಳು. ಕುತ್ತಿಗೆಯ ಪಟ್ಟಿ ತೆಗೆದು ಉದ್ದ ಅಳೆದಳು. ಆಮೇಲೆ ಇಸ್ತ್ರಿಪೆಟ್ಟಿಗೆ ಮುಟ್ಟಿದಳು. ವೈರು ತೆಗೆದಿರಲಿಲ್ಲ, ಅದಿನ್ನೂ ಬೆಚ್ಚಗಿತ್ತು.

"ಇಸ್ತ್ರಿ ಹಾಕಿದ್ಯಾ?"

ನಾನು ವೈರನ್ನು ಗೋಡೆಯಿಂದ ಕಿತ್ತೆ.

"ಹತ್ತಿಯಿಂದ ಮಾಡಿದ ಕಾಗದ ಅಂತೀಯ. ಹತ್ತಿ ಕುಗ್ಗಲ್ವೇನೇ? ಬಟ್ಟೆಗೆ ನೀರು ಹಾಕಿ ಇಸ್ತ್ರಿ ಮಾಡಿ ಕುಗ್ಗಿಸಿ ಆಮೇಲೆ ಕತ್ತರಿ ಇಡ್ತೀನಿ, ಹುಟ್ಟಿದಾಗಿಂದ ನೋಡಿದೀಯ. ಅರ್ಧ ಹೊಲಿದ ಮೇಲೆ ಯಾರಾದ್ರೂ ಕುಗ್ಗಿಸ್ತಾರಾ?"

"ಒಣಗ್ತಾ ಇರ್ಲಿಲ್ಲ!"

"ನನ್ ಮೇಲೆ ಕಿರುಚಬೇಡ. ಮಳೆ ನಾನು ತರಿಸಿದ್ದಲ್ಲ."

ಉಳಿದ ಆರು ಹಾಳೆಗಳನ್ನು ಅವಳೇ ಹಗ್ಗದಿಂದ ತೆಗೆದು ಬಚ್ಚಲಿನಲ್ಲಿ ನೇತುಹಾಕಿದಳು. ಮಳೆಯ ತೇವ ಕುಡಿಯಲಿ, ನಾಳೆಗೆ ತಮ್ಮ ಅಳತೆಗೆ ತಾವೇ ಬರುತ್ತವೆ ಎಂದಳು. ಬಂದವು. ಶುಕ್ರವಾರ ಮಧ್ಯಾಹ್ನ ಆರನ್ನೂ ಒತ್ತಿದೆ. ಆರೂ ಚೊಕ್ಕ. ಹೆಂಗಸಿಗೆ ಒಂದೇ ಮೂಗು, ಬಾಯಲ್ಲಿ ಬೈಗುಳ ಕೇಳಿಸುವ ಹಾಗಿತ್ತು. ಅಷ್ಟು ಒಳ್ಳೆಯ ಅಚ್ಚು ನಾನು ಅದುವರೆಗೆ ತೆಗೆದಿರಲಿಲ್ಲ.

ಆದರೆ ಆರು. ಬೇಕಾದದ್ದು ಹದಿಮೂರು. ಹಲಗೆಯ ಮೇಲೆ ಹಳದಿಯೂ ಇಲ್ಲ, ನೀಲಿಯೂ ಇಲ್ಲ, ಬರೀ ಕಪ್ಪುಗೆರೆಗಳ ಅಸ್ಥಿಪಂಜರ. ಹೊಸದಾಗಿ ಏಳು ಮಾಡುವ ಹಾಗಿಲ್ಲ.

ಕೆಟ್ಟ ಒಂಬತ್ತನ್ನು ನೆಲದ ಮೇಲೆ ಹರಡಿದೆ. ದೂರದಿಂದ ನೋಡಿದೆ, ಕಣ್ಣು ಕಿರಿದು ಮಾಡಿ ನೋಡಿದೆ. ತೀರಾ ಜಾರಿದ ಎರಡನ್ನು ಪಕ್ಕಕ್ಕಿಟ್ಟೆ. ಏಳು ಉಳಿದವು. ಆರು ಮತ್ತು ಏಳು.

"ಏನ್ ಮಾಡ್ತಿದೀಯ?" ಅಮ್ಮ ಹೊಲಿಗೆಯಂತ್ರದಿಂದ ತಲೆ ಎತ್ತದೆ ಕೇಳಿದಳು.

"ಜೋಡಿಸ್ತಿದೀನಿ."

"ಸೊಟ್ಟ ಲಂಗಾನ ನೆಟ್ಟಗಿರೋದ್ರ ಕೆಳಗಿಟ್ಟು ಕೊಟ್ರೆ ಹೆಡ್‌ಮಿಸ್ಸು ಕೆಳಗಿಂದಾನೇ ಎಳೀತಾಳೆ."

"ಇದು ಲಂಗ ಅಲ್ಲಮ್ಮ."

"ಸರಿ, ಅಲ್ಲ."

ಅಚ್ಚು ತೆಗೆಯುವವರು ಹಾಳೆಯ ಕೆಳಗೆ ಪೆನ್ಸಿಲಿನಲ್ಲಿ ಎರಡು ಅಂಕಿ ಬರೆಯುತ್ತಾರೆ. ಇದು ಎಷ್ಟನೆಯದು, ಒಟ್ಟು ಎಷ್ಟು. ಹದಿಮೂರರಲ್ಲಿ ಒಂದು, ಹದಿಮೂರರಲ್ಲಿ ಎರಡು. ಹಾಗೆ ಬರೆದರೆ ಹದಿಮೂರೂ ಒಂದೇ, ಯಾವುದನ್ನು ತೆಗೆದುಕೊಂಡರೂ ಮೋಸವಿಲ್ಲ ಎಂದು ಅರ್ಥ. ಹತ್ತಿ ಕಾಗದದ ಮೇಲೆ ಪೆನ್ಸಿಲು ಅಳಿಸಿದರೂ ಗುರುತು ಉಳಿಯುತ್ತದೆ. ಅಂಕಿ ಅಳಿಸಿದ ಹಾಳೆಯನ್ನು ನಮ್ಮೂರಲ್ಲಿ ಯಾರೂ ಮುಟ್ಟುವುದಿಲ್ಲ. ಇದೆಲ್ಲ ನನಗೆ ಗೊತ್ತಿತ್ತು. ಪೆನ್ಸಿಲು ಚೂಪು ಮಾಡಿಕೊಂಡು ಒಂದರಿಂದ ಹದಿಮೂರರವರೆಗೆ ಬರೆದೆ. ಒಳ್ಳೆಯ ಆರು ಮೇಲೆ, ಉಳಿದವು ಕೆಳಗೆ.

ಶನಿವಾರ ಹನ್ನೊಂದೂವರೆಗೆ 'ಹುಂಜದ ಕಾಲು' ಅಚ್ಚುಮನೆಯಲ್ಲಿದ್ದೆ. ಅಬುಂದಿಯೊ ಮೇಷ್ಟ್ರು ಉದ್ದದ ಮೇಜಿನ ತಲೆಯಲ್ಲಿ ಕೂತಿದ್ದರು. ಎಪ್ಪತ್ತರ ಹತ್ತಿರದ ಮನುಷ್ಯ, ಉಗುರಿನ ಸಂದಿಯಲ್ಲಿ ಹಳೆಯ ಕಪ್ಪು. ಅವರ ಬೆನ್ನ ಹಿಂದೆ ಆ ಯಂತ್ರ ಇತ್ತು, ಎಮ್ಮೆಯಷ್ಟು ದೊಡ್ಡದು, ಹಸಿರು ಬಣ್ಣ. ನಾನು ಅದರ ಚಕ್ರವನ್ನೇ ನೋಡುತ್ತಿದ್ದೆ. ಓದಿಲಾ ನನ್ನ ಬೆನ್ನಿಗೆ ಗುದ್ದಿ, "ಬಂತು ನೋಡಿ ಸೌಟು," ಎಂದಳು. ನಾಲ್ಕೈದು ಮಂದಿ ನಕ್ಕರು, ಕೆಟ್ಟ ನಗುವೇನಲ್ಲ.

ಮೇಷ್ಟ್ರು ಮೊದಲ ಹಾಳೆ ನೋಡಿದರು. "ಇದನ್ನ ಸೌಟಲ್ಲಿ ತೆಗೆದ್ಯಾ?"

"ಹೌದು ಮೇಷ್ಟ್ರೇ."

"ಕಪ್ಪು ಇಷ್ಟು ತುಂಬಿಕೊಳ್ಳೋ ಹಾಗೆ? ಎಷ್ಟು ಹೊತ್ತು ಉಜ್ಜಿದೆ?"

"ಇಪ್ಪತ್ತೈದು ನಿಮಿಷ."

"ನೋಡಿ ಕಲೀರೋ," ಎಂದರು ಉಳಿದವರಿಗೆ. "ಯಂತ್ರ ಇಟ್ಕೊಂಡೂ ನಿಮ್ಮ ಕಪ್ಪು ನೀರುಗಂಜಿ ಥರ ಇರುತ್ತೆ."

ಹೆಬ್ಬೆರಳಿನಿಂದ ಮೂಲೆಗಳನ್ನು ಚಕಚಕ ಎಣಿಸಿದರು. ಹದಿಮೂರು ಎಂದರು. ಓದಿಲಾ ಗೋಡೆಯ ಮೊಳೆಯಿಂದ ಬೀಗದ ಕೈ ತೆಗೆದುಕೊಂಡಳು. ಅಷ್ಟರಲ್ಲಿ ಮೇಷ್ಟ್ರು ಕಟ್ಟಿನ ಮೇಲಿಂದ ಒಂದು, ನಡುವಿನಿಂದ ಒಂದು ಎಳೆದು, ಎರಡನ್ನೂ ಒಂದರ ಮೇಲೊಂದು ಹಿಡಿದು ಕಿಟಕಿಯ ಬೆಳಕಿಗೆ ಎತ್ತಿದರು. ಎಲ್ಲರ ಹಾಳೆಗೂ ಹಾಗೇ ಮಾಡುತ್ತಾರಂತೆ. ಅದು ನನಗೆ ಗೊತ್ತಿರಲಿಲ್ಲ. ಮನೆಯಲ್ಲಿ ಕಲಿತವರಿಗೆ ಅದನ್ನು ಯಾರು ಹೇಳುತ್ತಾರೆ?

"ಇದು ಒಂದನೇದು. ಅಲ್ವಾ?"

"ಹೌದು."

"ಇದು ಎಂಟು."

"ಹೌದು ಮೇಷ್ಟ್ರೇ."

"ಒಂದರಲ್ಲಿ ಈಯಮ್ಮನಿಗೆ ಒಂದು ಮೂಗು. ಎಂಟರಲ್ಲಿ ಎರಡು. ಟ್ಯಾಂಕರಿಗೆ ಕಾಯ್ತಾ ಕಾಯ್ತಾ ಬೆಳೀತಾ?"

ಯಾರೋ ಒಬ್ಬ ನಕ್ಕು, ಉಳಿದವರು ನಗದಿದ್ದುದನ್ನು ಕಂಡು ನಿಲ್ಲಿಸಿದ. ಮೇಷ್ಟ್ರು ಒಂಬತ್ತು, ಹತ್ತು, ಹನ್ನೊಂದನ್ನೂ ಬೆಳಕಿಗೆ ಹಿಡಿದರು. ಅವಸರ ಮಾಡಲಿಲ್ಲ.

"ಕುಗ್ಗಿದೆ. ಬಿಸಿ ತೋರಿಸಿದೀಯ. ಅದು ಇರಲಿ, ನಾನೂ ಒಂದು ಸಲ ಒಲೆ ಮೇಲೆ ಇಟ್ಟಿದ್ದೆ. ಅಂಕಿ ಯಾರು ಬರ್ದಿದ್ದು?"

"ನಾನೇ."

"ಇವು ಬೇರೆ ಅಂತ ಗೊತ್ತಿದ್ದೂ ಬರ್ದ್ಯಾ?"

"ಗೊತ್ತಿತ್ತು."

ಅವರು ಹದಿಮೂರನ್ನೂ ಅಂಚು ಸರಿಮಾಡಿ, ನಡುವಿನ ತೆಳುಕಾಗದ ಸರಿಮಾಡಿ, ನನ್ನ ಕಡೆ ತಳ್ಳಿದರು. "ಒಳ್ಳೇವನ್ನಾದ್ರೂ ಇಟ್ಕೊಳ್ಳಿ," ಎಂದೆ. ನನ್ನ ದನಿ ನನಗೇ ಅಸಹ್ಯವಾಯಿತು.

"ಅದ್ರ ಮೇಲೂ ಹದಿಮೂರು ಅಂತಾನೇ ಇದೆಯಲ್ಲ ಹುಡುಗಿ. ಈ ವರ್ಷ ಪೆಟ್ಟಿಗೆ ಹನ್ನೊಂದು ಜನರದ್ದು," ಎಂದು ಅಂಟಿನ ಡಬ್ಬಿ ತೆರೆದರು.

ಓದಿಲಾ ಬೀಗದ ಕೈಯನ್ನು ಮೊಳೆಗೆ ಹಾಕಿ ನನ್ನ ಹಿಂದೆಯೇ ಬೀದಿಗೆ ಬಂದಳು. ಮಳೆ ನಿಂತಿತ್ತು.

"ಆರು ಸರಿ ಇತ್ತಲ್ಲ. ಆರರಲ್ಲಿ ಒಂದು, ಆರರಲ್ಲಿ ಎರಡು ಅಂತ ಬರ್ಕೊಂಡು ಬರೋಕೆ ಏನಾಗಿತ್ತು ನಿಂಗೆ?"

"ಆರು ತಂದಿದ್ರೆ ಸೇರಿಸ್ಕೊಳ್ತಿದ್ರಾ?"

"ಇಲ್ಲ."

"ಮತ್ತೆ?"

"ಮುಂದಿನ್ ವರ್ಷ ನಿನ್ ಹೆಸ್ರು ಹೇಳೋಕೆ ನಂಗೆ ಬಾಯಿ ಇರ್ತಿತ್ತು." ಅವಳು ಹೆಲ್ಮೆಟ್ಟು ಹಾಕಿಕೊಂಡಳು. "ಇನ್ಮೇಲೆ ಫೋನ್ ಮಾಡ್ಬೇಡ. ಕೋಪ ಇಳಿದ್ರೆ ನಾನೇ ಮಾಡ್ತೀನಿ." ಅವಳು ಮಾಡಲಿಲ್ಲ.

ಬಸ್ಸು ಹಿಡಿಯದೆ ನಡೆದೇ ಗುಡ್ಡ ಹತ್ತಿದೆ. ನಿಂತರೆ ಕಾಲು ತಾನಾಗಿ ಹೆಜ್ಜೆ ಹಾಕುತ್ತಿತ್ತು. ಮನೆಯಲ್ಲಿ ಅಮ್ಮ ಮೇಜಿನ ಮೇಲೆ ನೀಲಿ ಬಟ್ಟೆ ಹರಡಿ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಿದ್ದಳು. ನನ್ನ ಕೈಯಲ್ಲಿದ್ದ ಕಟ್ಟನ್ನು ನೋಡಿದಳು.

"ಎಷ್ಟು ಹೋಯ್ತು?"

ಪತ್ರಿಕೆ ಅಂಟಿದ್ದು ಒಂದು. ಜಾರಿದ್ದು ಒಂಬತ್ತು. ಸರಿಯಾಗಿದ್ದೂ ಸುಳ್ಳು ಅಂಕಿ ಬಿದ್ದದ್ದು ಆರು. ಒಟ್ಟು ಹಾಳೆ ಹದಿನಾರು. ಹಲಗೆ ಒಂದು. ಜಾಗ ಒಂದು. ಓದಿಲಾ ಒಬ್ಬಳು.